ಇಷ್ಟು ಕಷ್ಟಪಟ್ಟು ಮಾಡಿದ ಮಂಡಲವನ್ನು ಯಾಕೆ ಅಳಿಸುತ್ತಾರೆ?

ಲಕ್ಷ್ಮಣತೀರ್ಥ:
ಎಲ್ಲರಿಗೂ ನಮಸ್ಕಾರ. ನಮ್ಮದು ಹುಣಸೂರು ಕಡೆ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಹತ್ತಿರದ ಟಿಬೆಟನ್ ಮಠಕ್ಕೆ ಹೋಗಿದ್ದೆ. ಅಲ್ಲಿ ಮರಳಿನ ಮಂಡಲ, ಅಂದರೆ ಬಣ್ಣದ ಮರಳಿನ ದೊಡ್ಡ ಚಿತ್ರ, ಮಾಡುತ್ತಿದ್ದರು.

ದೊಡ್ಡ ಹಲಗೆಯ ನಾಲ್ಕು ಬದಿಯಲ್ಲಿ ನಾಲ್ಕು ಜನ ಸನ್ಯಾಸಿಗಳು ಬಗ್ಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದು ಉದ್ದನೆಯ ಲೋಹದ ಕೊಳವೆ. ತುದಿ ಸಣ್ಣ, ಮೈಮೇಲೆ ಗೀರು ಗೀರು. ಇನ್ನೊಂದು ಕಡ್ಡಿಯಿಂದ ಆ ಗೀರುಗಳ ಮೇಲೆ ಉಜ್ಜಿದರೆ ತುದಿಯಿಂದ ಮರಳು ನೂಲಿನ ಹಾಗೆ ಇಳಿಯುತ್ತದೆ. ಮೆಲ್ಲಗೆ ಉಜ್ಜಿದರೆ ಎಳೆ ಸಣ್ಣ, ಜೋರಾಗಿ ಉಜ್ಜಿದರೆ ದಪ್ಪ. ಇಡೀ ಕೋಣೆಯಲ್ಲಿ ಅದೊಂದೇ ಸದ್ದು. ಮಳೆಗಾಲದ ರಾತ್ರಿ ಗದ್ದೆ ಕಡೆಯಿಂದ ಕೇಳುತ್ತಲ್ಲ, ಹಾಗೆ.

ಅಮ್ಮ ಮದುವೆಯಾಗಿ ಬಂದ ದಿನದಿಂದ ಬಾಗಿಲಿಗೆ ರಂಗೋಲಿ ಬಿಡುವವಳು. ಬೆರಳ ಸಂದಿನಿಂದ ಪುಡಿ ಬಿಡುವುದು ಎಷ್ಟು ಕಷ್ಟ ಅಂತ ಅವಳಿಗೆ ಗೊತ್ತು. ಅರ್ಧ ಗಂಟೆ ನಿಂತಲ್ಲಿಂದ ಅಲುಗಾಡಲಿಲ್ಲ. ಮುಗಿದ ಮಂಡಲದ ಒಂದು ಫೋಟೋ ನನ್ನ ಹತ್ತಿರ ಇದೆ.

ಮುಗಿಯುವ ದಿನ ಮತ್ತೆ ಹೋದೆವು. ಮಂತ್ರ, ಗಂಟೆ, ಪೂಜೆ ಎಲ್ಲ ಆಯಿತು. ಆಮೇಲೆ ಹಿರಿಯರೊಬ್ಬರು ಎದ್ದು ಬಂದು ಕೈಯಲ್ಲಿದ್ದ ವಜ್ರ ಅನ್ನುವ ಪುಟ್ಟ ಲೋಹದ ಪೂಜಾ ಸಾಧನದಿಂದ ಮಂಡಲದ ಮೇಲೆ ಗೆರೆ ಎಳೆದರು. ಅಂಚಿನಿಂದ ಶುರುವಾಗಿ ನಡುವಿನವರೆಗೆ, ಒಂದೊಂದೇ ದಿಕ್ಕಿನಿಂದ. ಉಳಿದವರು ಬ್ರಷ್ ಹಿಡಿದು ಗುಡಿಸಿಯೇ ಬಿಟ್ಟರು. ಅಷ್ಟು ಬಣ್ಣ ಸೇರಿ ಬೂದು ಬಣ್ಣದ ಒಂದು ಗುಡ್ಡೆ ಆಯಿತು. ಅಮ್ಮ "ಅಯ್ಯೋ" ಅಂದಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ನಮಗೂ ಒಂದು ಪುಟ್ಟ ಪೊಟ್ಟಣದಲ್ಲಿ ಮರಳು ಕೊಟ್ಟರು.

"ಎಲ್ಲವೂ ನಶ್ವರ ಅಂತ ತೋರಿಸುವುದಕ್ಕೆ ಅಳಿಸುತ್ತಾರೆ" ಅಂತ ಪಕ್ಕದಲ್ಲಿ ನಿಂತವರು ಹೇಳಿದರು. ಅಮ್ಮನಿಗೆ ಸಮಾಧಾನ ಇಲ್ಲ. "ನಶ್ವರ ಅಂತ ಹೇಳೋಕೆ ಇಷ್ಟೆಲ್ಲ ಲೆಕ್ಕ ಹಾಕಿ ಮಾಡಬೇಕಾ? ಇನ್ನೇನೋ ಇದೆ" ಅನ್ನುತ್ತಾಳೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕಡಲಮಗ:
ನಮ್ಮ ಉಡುಪಿ ಕಡೆ ನಾಗಮಂಡಲದಲ್ಲೂ ಹಾಗೇ. ಐದು ಬಣ್ಣದ ಪುಡಿಯಲ್ಲಿ ನಾಗನ ಸುರುಳಿಗಳನ್ನು ಬರೆಯುತ್ತಾರೆ. ಇಡೀ ರಾತ್ರಿ ಸೇವೆ ನಡೆಯುತ್ತದೆ. ಬೆಳಗಾಗುವ ಹೊತ್ತಿಗೆ ಅಳಿಸಿ, ಆ ಪುಡಿಯನ್ನೇ ಪ್ರಸಾದ ಅಂತ ಕೊಡುತ್ತಾರೆ. ಎರಡಕ್ಕೂ ಏನಾದರೂ ಸಂಬಂಧ ಇರಬಹುದಾ?

ಬೆಟ್ಟದಹೂ:
ಲಕ್ಷ್ಮಣತೀರ್ಥ ಅವರೇ, ನಿಮ್ಮ ಅಮ್ಮ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಅನಿತ್ಯ ಅನ್ನುವ ಉತ್ತರ ಸುಳ್ಳಲ್ಲ. ಸನ್ಯಾಸಿಗಳೂ ಅದನ್ನು ಮನಸಾರೆ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಇನ್ನೊಂದು ಉತ್ತರ ಇದೆ. ಅದು ನಮಗೆಲ್ಲ ಮೊದಲೇ ಗೊತ್ತಿರುವುದು. ಗಣಪತಿ ಕೂರಿಸಿದ ಮೇಲೆ ಬಿಡಲೇಬೇಕು ಅಲ್ವಾ? ಇದೂ ಹಾಗೇ.

ನಾವು ಮಂಡಲವನ್ನು ಚಿತ್ರ ಅಂದುಕೊಳ್ಳುತ್ತೇವೆ. ಅದು ಮನೆ. ಒಬ್ಬ ಬುದ್ಧ (ಈ ಪರಂಪರೆಯಲ್ಲಿ ಬುದ್ಧರು ಹಲವರು) ತನ್ನ ಪರಿವಾರದ ಜೊತೆ ಇರುವ ಅರಮನೆ. ನೀವು ಹಲಗೆಯ ಮೇಲೆ ನೋಡಿದ್ದು ಆ ಅರಮನೆಯ ಪ್ಲ್ಯಾನ್, ಮೇಲಿನಿಂದ ನೋಡಿದ ಹಾಗೆ. ಹೊರಗಡೆ ಬೆಂಕಿಯ ಬಳೆ, ಅದರ ಒಳಗೆ ವಜ್ರಗಳ ಬಳೆ, ಆಮೇಲೆ ಕಮಲದ ದಳಗಳ ಬಳೆ. ಇಷ್ಟು ದಾಟಿದರೆ ಚೌಕ ಸಿಗುತ್ತದೆ. ಅದು ಗೋಡೆ. ನಾಲ್ಕು ಕಡೆ ನಾಲ್ಕು ಬಾಗಿಲು, ಬಾಗಿಲ ಮೇಲೆ ತೋರಣ, ಅಂದರೆ ಕಮಾನು. ತೋರಣದ ತುದಿಯಲ್ಲಿ ಒಂದು ಚಕ್ರ, ಅದರ ಎರಡು ಪಕ್ಕ ಎರಡು ಜಿಂಕೆ. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮೊದಲ ಉಪದೇಶ ಮಾಡಿದ ನೆನಪು ಅದು. ತೋರಣ ನೆಲಕ್ಕೆ ಮಲಗಿದ ಹಾಗೆ ಕಾಣುತ್ತದೆ. ರಟ್ಟಿನ ಡಬ್ಬಿಯ ಬದಿಗಳನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ಹೇಗಿರುತ್ತದೆ, ಹಾಗೆ. ಧ್ಯಾನ ಮಾಡುವವರು ಮನಸ್ಸಿನಲ್ಲಿ ಆ ಗೋಡೆಗಳನ್ನು ಎತ್ತಿ ನಿಲ್ಲಿಸಿ, ಬಾಗಿಲಿನಿಂದ ಒಳಗೆ ಹೋಗಬೇಕು. ಟಿಬೆಟನ್ನರು ಮಂಡಲಕ್ಕೆ ಕಿಲ್‌ಖೋರ್ ಅನ್ನುತ್ತಾರೆ. ನಡು ಮತ್ತು ಸುತ್ತು ಅಂತ ಅರ್ಥ.

ಈಗ ಅಳಿಸುವ ವಿಷಯ. ಮಹಾವೈರೋಚನ ಸೂತ್ರ ಅಂತ ಒಂದು ಗ್ರಂಥ ಇದೆ. ಭಾರತದಲ್ಲಿ 7ನೇ ಶತಮಾನದಲ್ಲಿ ಹುಟ್ಟಿದ್ದು. ಸಂಸ್ಕೃತ ಮೂಲ ಪೂರ್ತಿ ಉಳಿದಿಲ್ಲ. ಚೀನೀ ಮತ್ತು ಟಿಬೆಟನ್ ಅನುವಾದಗಳು ಉಳಿದಿವೆ. ಅದರ ಎರಡನೇ ಅಧ್ಯಾಯದಲ್ಲಿ ಮಂಡಲ ಬರೆಯುವ ಕ್ರಮ ಇದೆ. ಅದನ್ನು ಓದಿದರೆ ನಿಮ್ಮ ಅಮ್ಮನಿಗೆ ತಮ್ಮ ಅಂಗಳವೇ ಕಾಣಬಹುದು.

ಮೊದಲು ಗುರು ಒಳ್ಳೆಯ ನೆಲ ಹುಡುಕಬೇಕು. ಕಲ್ಲು, ಮಡಕೆ ಚೂರು, ಕೂದಲು, ಹೊಟ್ಟು, ಬೂದಿ, ಮುಳ್ಳು, ಮೂಳೆ ಎಲ್ಲ ಆರಿಸಿ ತೆಗೆಯಬೇಕು. ಆಮೇಲೆ ಸಗಣಿ ಗಂಜಲ ಬೆರೆಸಿ ಸಾರಿಸಬೇಕು. ಆ ಸಗಣಿಯೂ ನೆಲಕ್ಕೆ ಬಿದ್ದಿರಬಾರದು ಅಂತ ಸೂತ್ರ ಹೇಳುತ್ತದೆ. ಅಂದರೆ ಯಾರೋ ಹಸುವಿನ ಹಿಂದೆ ಕೈ ಚಾಚಿಕೊಂಡು ನಿಂತಿರಬೇಕು! ಭೂದೇವಿಯನ್ನು ಕರೆದು ಅವಳನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು. ಐದು ಬಣ್ಣದ ದಾರದ ಒಂದು ತುದಿ ಗುರು, ಇನ್ನೊಂದು ತುದಿ ಶಿಷ್ಯ ಹಿಡಿದು ಅಳತೆ ಹಾಕಬೇಕು. ಬಣ್ಣ ಹಾಕುವುದು ಒಳಗಿನಿಂದ ಹೊರಗೆ. ಮೊದಲು ಬಿಳಿ, ಆಮೇಲೆ ಕೆಂಪು, ಹಳದಿ, ನೀಲಿ, ಕೊನೆಗೆ ಕಪ್ಪು. ಏಳು ದಿನದ ಕೆಲಸ ಇದು.

ಇಷ್ಟೆಲ್ಲ ಮಾಡುವುದು ಯಾಕೆ ಅಂದರೆ ಶಿಷ್ಯನಿಗೆ ದೀಕ್ಷೆ ಕೊಡುವುದಕ್ಕೆ. ಅವನ ಕಣ್ಣಿಗೆ ಬಟ್ಟೆ ಕಟ್ಟಿ ಮಂಡಲದ ಬಾಗಿಲಿಗೆ ಕರೆತರುತ್ತಾರೆ. ಕೈಯಲ್ಲಿ ಒಂದು ಹೂ. ಅವನು ಅದನ್ನು ಮಂಡಲದ ಮೇಲೆ ಬಿಡುತ್ತಾನೆ. ಹೂ ಯಾವ ದೇವತೆಯ ಮೇಲೆ ಬೀಳುತ್ತದೋ ಆ ದೇವತೆ ಇನ್ನು ಅವನದು. ಬಟ್ಟೆ ಬಿಚ್ಚಿದಾಗ ಅವನು ಮೊದಲ ಸಲ ಆ ಮನೆಯನ್ನು ನೋಡುತ್ತಾನೆ. ಆಮೇಲೆ ಕಲಶದ ನೀರಿನಿಂದ ಅಭಿಷೇಕ. ರಾಜನಿಗೆ ಪಟ್ಟ ಕಟ್ಟುವಾಗ ಮಾಡುವ ಅಭಿಷೇಕ ಇದೆಯಲ್ಲ, ಅದೇ ಮಾತು, ಅದೇ ರೀತಿ.

ದೀಕ್ಷೆ ಮುಗಿಯಿತು. ಕರೆದ ದೇವತೆಗಳನ್ನು ಮರ್ಯಾದೆಯಿಂದ ಕಳಿಸಿಕೊಡಬೇಕು. ಅವರು ಹೋದ ಮೇಲೆ ಮನೆ ಖಾಲಿ. ಖಾಲಿ ಮನೆಯ ಮೇಲೆ ಯಾರೂ ಕಾಲಿಡಬಾರದು, ನಾಯಿ ಕೋಳಿ ಓಡಾಡಬಾರದು. ಹಾಗಾಗಿ ಅಳಿಸಿ, ನೀರಿಗೆ ಬಿಡುತ್ತಾರೆ. ನಿಮ್ಮ ಕಣ್ಣೆದುರು ಅಳಿಸಿದ್ದು ಒಂದು ಕಲಾಕೃತಿಯನ್ನಲ್ಲ. ಅದು ವಿಸರ್ಜನೆ.

ಕಡಲಮಗ ಅವರೇ, ನಾಗಮಂಡಲ ಇದರಿಂದ ಬಂತು ಅಥವಾ ಇದು ಅದರಿಂದ ಬಂತು ಅಂತ ನಾನು ಹೇಳಲಾರೆ. ನೆಲ ಸಾರಿಸಿ, ಪುಡಿಯಲ್ಲಿ ಬರೆದು, ಕರೆದು, ಕಳಿಸಿ, ಅಳಿಸುವುದು ನಮ್ಮ ನೆಲದಲ್ಲಿ ಶೈವರು, ವೈಷ್ಣವರು, ಬೌದ್ಧರು ಎಲ್ಲರೂ ಮಾಡಿದ್ದು. ಒಂದೇ ಬಾವಿಯ ನೀರು ಅಂದುಕೊಳ್ಳಿ.

ಬಣ್ಣದಡಬ್ಬಿ:
ನಾನು ಮಂಡಲ ಆರ್ಟ್ ಮಾಡುತ್ತೇನೆ, ಭಾನುವಾರ ಮಕ್ಕಳಿಗೂ ಹೇಳಿಕೊಡುತ್ತೇನೆ. ಕಂಪಾಸ್ ಇಟ್ಟು ವೃತ್ತ, ಆಮೇಲೆ ದಳ, ಚುಕ್ಕಿ, ಬಳ್ಳಿ. ಮನಸ್ಸು ತುಂಬ ಶಾಂತ ಆಗುತ್ತದೆ. ಇದನ್ನು ಓದಿದ ಮೇಲೆ ಒಂದು ಥರ ಕಸಿವಿಸಿ. ನಾವು ಮಾಡುವುದನ್ನು ಮಂಡಲ ಅನ್ನಬಾರದಾ?

ಬೆಟ್ಟದಹೂ:
ಖಂಡಿತ ಅನ್ನಿ, ಕಸಿವಿಸಿ ಬೇಡ. ಮಂಡಲ ಅಂದರೆ ನಮ್ಮ ಭಾಷೆಯಲ್ಲೂ ಮೊದಲ ಅರ್ಥ ದುಂಡಗಿರುವುದು ಅಂತಲೇ. ನೀವು ಮಾಡುವುದಕ್ಕೆ ಬೇರೆ ಹಿರಿಯರಿದ್ದಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ 1916ರಿಂದ ಇಂಥ ವೃತ್ತಗಳನ್ನು ಬರೆಯತೊಡಗಿದ. ತನ್ನ ಮನಸ್ಸಿನ ಆ ಹೊತ್ತಿನ ಸ್ಥಿತಿಯೇ ಅದರಲ್ಲಿ ಮೂಡುತ್ತದೆ ಅಂತ ಅವನಿಗೆ ಅನ್ನಿಸಿತು. ಇವತ್ತಿನ ಬಣ್ಣ ತುಂಬುವ ಮಂಡಲಗಳ ಹಿಂದೆ ಆ ಯೋಚನೆ ಇದೆ.

ವ್ಯತ್ಯಾಸ ಒಂದೇ. ನಿಮ್ಮ ಮಂಡಲ ನಿಮ್ಮೊಳಗಿನಿಂದ ಬರುತ್ತದೆ, ಹೇಗೆ ಬೇಕಾದರೂ ಬರಬಹುದು. ಮಠದ ಮಂಡಲ ಗುರುವಿನಿಂದ ಬರುತ್ತದೆ. ಅಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ಬಣ್ಣ, ಕೈಯಲ್ಲಿ ಏನು, ಬಾಗಿಲು ಎಷ್ಟು ಅಗಲ ಎಲ್ಲವೂ ಮೊದಲೇ ಗೊತ್ತು. ಈಗಿನ ಬಿಹಾರದಲ್ಲಿದ್ದ ವಿಕ್ರಮಶಿಲೆ ಮಠದ ಅಭಯಾಕರಗುಪ್ತ ಅನ್ನುವ ಪಂಡಿತ 1100ರ ಆಸುಪಾಸಿನಲ್ಲಿ ನಿಷ್ಪನ್ನಯೋಗಾವಲೀ ಅಂತ ಒಂದು ಗ್ರಂಥ ಬರೆದ. ಅದರಲ್ಲಿ 26 ಮಂಡಲಗಳ ವಿವರ ಇದೆ. ಪ್ರತಿ ದೇವತೆಯ ಮುಖ, ತೋಳು, ಬಣ್ಣ ಬಿಡದೆ ಕೊಟ್ಟಿದ್ದಾನೆ. ಇವತ್ತು ನೇಪಾಳದಲ್ಲೋ ಟಿಬೆಟ್‌ನಲ್ಲೋ ಹಳೆಯ ಚಿತ್ರ ಸಿಕ್ಕಿದರೆ ಯಾವ ಮಂಡಲ ಅಂತ ಗುರುತಿಸಲು ಅದನ್ನೇ ತೆಗೆದು ನೋಡುತ್ತಾರೆ.

ಲಕ್ಷ್ಮಣತೀರ್ಥ:
ಅಮ್ಮನಿಗೆ ಓದಿ ಹೇಳಿದೆ. ನೆಲಕ್ಕೆ ಬೀಳದ ಸಗಣಿ ಅಂದಾಗ ನಕ್ಕಳು. ವಿಸರ್ಜನೆ ಅಂದ ಕೂಡಲೇ "ಹಾಗನ್ನಿ ಮತ್ತೆ" ಅಂದಳು. ಆದರೆ ಈಗ ಇನ್ನೊಂದು ಅನುಮಾನ. ಜಪಾನಿನ ದೇವಸ್ಥಾನಗಳಲ್ಲಿ ಸಾವಿರ ವರ್ಷ ಹಳೆಯ ಮಂಡಲಗಳು ಇವೆ ಅಂತ ಎಲ್ಲೋ ನೋಡಿದ ನೆನಪು. ಅವರು ಯಾಕೆ ಅಳಿಸಲಿಲ್ಲ?

ಬೆಟ್ಟದಹೂ:
ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಇದು ನನಗೆ ತುಂಬ ಇಷ್ಟದ ಕಥೆ, ಸ್ವಲ್ಪ ಉದ್ದ ಆಗುತ್ತದೆ.

ಮಹಾವೈರೋಚನ ಸೂತ್ರವನ್ನು ಚೀನಾಕ್ಕೆ ಹೊತ್ತುಕೊಂಡು ಹೋದವನು ಶುಭಾಕರಸಿಂಹ. 716ರಲ್ಲಿ ಟಾಂಗ್ ರಾಜವಂಶದ ರಾಜಧಾನಿ ಚಾಂಗಾನ್ ತಲುಪಿದಾಗ ಅವನಿಗೆ ಸುಮಾರು 80 ವರ್ಷ. ಆ ವಯಸ್ಸಿನಲ್ಲಿ ಕೂತು, ಯಿ ಶಿಂಗ್ ಅನ್ನುವ ಸನ್ಯಾಸಿಯ ಜೊತೆ ಅನುವಾದ ಮುಗಿಸಿದ. ಯಿ ಶಿಂಗ್ ದೊಡ್ಡ ಖಗೋಳಶಾಸ್ತ್ರಜ್ಞ ಕೂಡ. ಅದಾದ ಸ್ವಲ್ಪ ಕಾಲಕ್ಕೆ ದಕ್ಷಿಣದಿಂದ ಸಮುದ್ರದ ದಾರಿಯಲ್ಲಿ ವಜ್ರಬೋಧಿ ಬಂದ. ನಾಲಂದಾದಲ್ಲಿ ಓದಿದವನು. ಅವನು ತಂದಿದ್ದು ಇನ್ನೊಂದು ಪರಂಪರೆ, ವಜ್ರಶೇಖರ ಅನ್ನುವ ಸೂತ್ರದ್ದು. ಅವನ ಶಿಷ್ಯ ಅಮೋಘವಜ್ರ. ಅಮೋಘವಜ್ರನ ಶಿಷ್ಯ ಹುಯ್‌ಗೊ. ಚಾಂಗಾನಿನ ಚಿಂಗ್‌ಲಾಂಗ್ ಮಠದಲ್ಲಿದ್ದ ಈ ಹುಯ್‌ಗೊ ಕೈಯಲ್ಲಿ ಎರಡು ಪರಂಪರೆಗಳೂ ಸೇರಿದವು. ಹಾಗಾಗಿ ಪರಂಪರೆಗೆ ಒಂದರಂತೆ ಇದ್ದ ಎರಡು ಮಂಡಲಗಳು ಜೋಡಿಯಾದವು.

804ರಲ್ಲಿ ಜಪಾನಿನಿಂದ ಒಂದು ರಾಯಭಾರ ಹೊರಟಿತು. ಅದರಲ್ಲಿ ಕೂಕಾಯ್ ಅನ್ನುವ ಸನ್ಯಾಸಿ ಇದ್ದ. ವಯಸ್ಸು ಮೂವತ್ತರ ಆಸುಪಾಸು, ಆಗ ಹೆಸರಿಲ್ಲದವನು. 805ರಲ್ಲಿ ಹುಯ್‌ಗೊನನ್ನು ನೋಡಲು ಹೋದ. ಹುಯ್‌ಗೊಗೆ ಆರೋಗ್ಯ ಚೆನ್ನಾಗಿರಲಿಲ್ಲ. ಇವನನ್ನು ನೋಡಿದ ಕೂಡಲೇ, ನಿನಗೋಸ್ಕರ ಇಷ್ಟು ದಿನ ಕಾದೆ, ಬೇಗ ದೀಕ್ಷೆ ತಗೋ ಅಂದನಂತೆ. ಕಣ್ಣು ಕಟ್ಟಿದರು. ಕೂಕಾಯ್ ಹೂ ಬಿಟ್ಟ. ಅದು ನಡುವೆ ಕೂತ ಬುದ್ಧ ಮಹಾವೈರೋಚನನ ಮೇಲೆ ಬಿತ್ತು. ಮುಂದಿನ ತಿಂಗಳು ಇನ್ನೊಂದು ಮಂಡಲ, ಇನ್ನೊಂದು ಹೂ. ಅದೂ ನಡುವಿನ ಮಹಾವೈರೋಚನನ ಮೇಲೆಯೇ ಬಿತ್ತು.

ಹುಯ್‌ಗೊಗೆ ಗೊತ್ತಿತ್ತು, ತನಗೆ ಸಮಯ ಜಾಸ್ತಿ ಇಲ್ಲ. ಆಸ್ಥಾನದ ಚಿತ್ರಕಾರ ಲೀ ಝೆನ್ ಮತ್ತು ಇನ್ನೂ ಹತ್ತಕ್ಕಿಂತ ಜಾಸ್ತಿ ಜನರನ್ನು ಕರೆಸಿ ಮಂಡಲಗಳನ್ನು ಬಟ್ಟೆಯ ಮೇಲೆ ಬರೆಸಿದ. ಕಾರಣವನ್ನೂ ಹೇಳಿದ. ಈ ಬೋಧನೆ ತುಂಬ ಆಳ, ಬರೀ ಅಕ್ಷರದಲ್ಲಿ ಹಿಡಿಯುವುದಿಲ್ಲ, ಚಿತ್ರದ ಮೂಲಕವೇ ತೋರಿಸಬೇಕು ಅಂತ. ಆ ವರ್ಷದ ಕೊನೆಯ ತಿಂಗಳಲ್ಲಿ ಹುಯ್‌ಗೊ ತೀರಿಕೊಂಡ. ಅವನಿಗೆ ಅಷ್ಟೊಂದು ಶಿಷ್ಯರಿದ್ದರೂ ಸಮಾಧಿಯ ಶಾಸನ ಬರೆಯಲು ಹೇಳಿದ್ದು ಈ ಪರದೇಶಿ ಹುಡುಗನಿಗೆ. ಇಪ್ಪತ್ತು ವರ್ಷ ಇರಬೇಕು ಅಂತ ಹೋದವನು 806ರಲ್ಲೇ ಊರಿಗೆ ಹೊರಟ. ಹಡಗಿನಲ್ಲಿ ಆ ಮಂಡಲಗಳಿದ್ದವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಚೀನಾದಲ್ಲೇ ಏಳು ದಿನದ ಮಣ್ಣಿನ ವೇದಿಕೆ ಕಡಿಮೆಯಾಗಿ ಬಟ್ಟೆಯ ಮಂಡಲ ಬಂದಿತ್ತು. ಜಪಾನಿನಲ್ಲಂತೂ ಬಟ್ಟೆಯೇ ನೆಲ ಆಯಿತು. ಅಳಿಸುವ ಪ್ರಶ್ನೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಸುತ್ತಿ ಎತ್ತಿಟ್ಟರೆ ಆಯಿತು. ಆದರೆ ಅದು ಒಂದು ಕಾಲಕ್ಕೆ ನೆಲ ಆಗಿತ್ತು ಅನ್ನುವುದನ್ನು ಅವರು ಮರೆತಿಲ್ಲ. ದೀಕ್ಷೆಯ ದಿನ ವೇದಿಕೆಯ ಮೇಲೆ ಮಂಡಲವನ್ನು ಹಾಸುತ್ತಾರೆ. ಅದಕ್ಕೆ ಹಾಸುವ ಮಂಡಲ ಅಂತಲೇ ಹೆಸರು. ಕ್ಯೋಟೋದ ತೋಜಿ ದೇವಾಲಯದಲ್ಲಿ 1112ರ ಒಂದು ಹಾಸುವ ಮಂಡಲ ಇದೆ.

ಕೂಕಾಯ್ ತಂದ ಮೂಲ ಬಟ್ಟೆಗಳು ಬಳಸಿ ಬಳಸಿ ಸವೆದು ಹೋದವು. ಅವನ ಕಾಲದ್ದೇ ಒಂದು ಜೋಡಿ ಉಳಿದಿದೆ. ಕ್ಯೋಟೋ ಹತ್ತಿರದ ಜಿಂಗೋಜಿ ಮಠದ್ದು, ಸುಮಾರು 830ರದ್ದು. ನೇರಳೆ ರೇಷ್ಮೆಯ ಮೇಲೆ ಬಂಗಾರ ಬೆಳ್ಳಿಯ ಗೆರೆ, ಬೇರೆ ಬಣ್ಣವೇ ಇಲ್ಲ. ಒಂದೊಂದೂ ನಾಲ್ಕು ಮೀಟರಿಗಿಂತ ದೊಡ್ಡದು.

ಕಡಲಮಗ:
ಎರಡು ಮಂಡಲ ಅಂದಿರಲ್ಲ, ಅದು ಯಾಕೆ ಎರಡು? ಒಂದೇ ಬುದ್ಧನಿಗೆ ಎರಡು ಮನೆಯಾ?

ಬೆಟ್ಟದಹೂ:
ಮನೆ ಒಂದೇ, ನೋಡುವ ರೀತಿ ಎರಡು ಅಂತ ಅವರು ಹೇಳುತ್ತಾರೆ.

ಒಂದು ಗರ್ಭಮಂಡಲ. ನಡುವೆ ಎಂಟು ದಳದ ಕೆಂಪು ಕಮಲ. ಕಮಲದ ಮಧ್ಯೆ ಮಹಾವೈರೋಚನ. ದಳಗಳ ಮೇಲೆ ನಾಲ್ಕು ಬುದ್ಧರು, ನಾಲ್ಕು ಬೋಧಿಸತ್ವರು, ಅಂದರೆ ಬುದ್ಧರಾಗುವ ದಾರಿಯಲ್ಲಿರುವವರು. ಅಲ್ಲಿಂದ ಸುತ್ತ ಅಂಗಳದ ಮೇಲೆ ಅಂಗಳ. ಹನ್ನೆರಡು ಅಂಗಳ, ಒಟ್ಟು 414 ಮೂರ್ತಿಗಳು. ತಾಯಿ ಹೊಟ್ಟೆಯೊಳಗಿನ ಮಗು ಬೆಳೆಯುವ ಹಾಗೆ ಕರುಣೆ ಒಳಗಿನಿಂದ ಹೊರಗೆ ಹರಡುವುದು. ಇದರ ಕೊನೆಯ ಅಂಗಳ ನೋಡಿದರೆ ನಮಗೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಅಗ್ನಿ, ಯಮ, ವರುಣ, ಬ್ರಹ್ಮ, ಇಂದ್ರ, ನಮ್ಮ ವಿನಾಯಕ! ನವಗ್ರಹ, ಹನ್ನೆರಡು ರಾಶಿ, ನಕ್ಷತ್ರಗಳು. ಪಂಚಾಂಗವೇ ಸಮುದ್ರ ದಾಟಿ ಹೋಗಿ ರೇಷ್ಮೆಯ ಮೇಲೆ ಕೂತಿದೆ.

ಇನ್ನೊಂದು ವಜ್ರಧಾತು ಮಂಡಲ. ಅದು ಒಂಬತ್ತು ಚೌಕ, ಮೂರು ಮೂರರಂತೆ. ಒಟ್ಟು 1461 ಮೂರ್ತಿಗಳು. ಇದು ಜ್ಞಾನದ ಕಡೆ, ವಜ್ರದ ಹಾಗೆ ಮುರಿಯದ್ದು. ಮೇಲಿನ ಸಾಲಿನ ನಡುವಿನ ಚೌಕದಲ್ಲಿ ಮಹಾವೈರೋಚನ ಒಬ್ಬನೇ, ದೊಡ್ಡದಾಗಿ ಕೂತಿದ್ದಾನೆ. ಉಳಿದ ಚೌಕಗಳ ಗಿಜಿಗಿಜಿ ನೋಡಿ ಬಂದ ಕಣ್ಣು ಅಲ್ಲಿ ತಾನಾಗಿ ನಿಲ್ಲುತ್ತದೆ.

ದೇವಾಲಯದಲ್ಲಿ ಗರ್ಭಮಂಡಲ ಪೂರ್ವದ ಗೋಡೆಗೆ, ವಜ್ರಧಾತು ಪಶ್ಚಿಮದ ಗೋಡೆಗೆ, ಎದುರು ಬದುರು. ಪೂಜೆ ಮಾಡುವವನು ಎರಡರ ನಡುವೆ ಕೂರುತ್ತಾನೆ.

ಮೂರ್ತಿಗಳ ಬದಲು ಬರೀ ಬೀಜಾಕ್ಷರ ಬರೆದ ಮಂಡಲಗಳೂ ಇವೆ. ಹಳೆಯ ಸಿದ್ಧಂ ಲಿಪಿಯಲ್ಲಿ. ಗರ್ಭಮಂಡಲದ ನಡುವೆ 'ಅ', ವಜ್ರಧಾತುವಿನ ನಡುವೆ 'ವಂ'. ಆ 'ಅ' ಒಂದನ್ನೇ ಎದುರಿಗೆ ತೂಗುಹಾಕಿಕೊಂಡು ಧ್ಯಾನ ಮಾಡುವ ಕ್ರಮ ಇವತ್ತಿಗೂ ಇದೆ. ನಾವು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಅಕ್ಕಿಯಲ್ಲಿ ಬರೆಸುವ ಅದೇ 'ಅ'.

ನಾನು ಕೆಲಸದ ಮೇಲೆ ಒಸಾಕಾದಲ್ಲಿದ್ದಾಗ ಒಂದು ಮೇ ತಿಂಗಳಲ್ಲಿ ಕೋಯಾ ಬೆಟ್ಟಕ್ಕೆ ಹೋಗಿದ್ದೆ. 816ರಲ್ಲಿ ಕೂಕಾಯ್‌ಗೆ ಚಕ್ರವರ್ತಿ ಬಿಟ್ಟುಕೊಟ್ಟ ಬೆಟ್ಟ ಅದು. ಅಲ್ಲಿ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಗರ್ಭಮಂಡಲಕ್ಕೆ, ಅಕ್ಟೋಬರ್‌ನಲ್ಲಿ ವಜ್ರಧಾತುವಿಗೆ, ನಮ್ಮಂಥ ಸಾಮಾನ್ಯರಿಗೂ ಹೂ ಬಿಡುವ ಅವಕಾಶ ಕೊಡುತ್ತಾರೆ. ಸಾಲಿನಲ್ಲಿ ನಿಂತೆ. ಕಣ್ಣಿಗೆ ಬಟ್ಟೆ ಕಟ್ಟಿದರು. ಎರಡು ಮಧ್ಯದ ಬೆರಳುಗಳ ನಡುವೆ ಶಿಕಿಮಿ ಗಿಡದ ಎಲೆ ಸಿಕ್ಕಿಸಿದರು. ಕತ್ತಲೆ, ಧೂಪ, ನನ್ನ ಹಿಂದೆ ಮುಂದೆ ನೂರಾರು ಜನ ಒಂದೇ ದನಿಯಲ್ಲಿ "ಓನ್ ಸಾಮ್ಮಾಯಾ ಸಾತೋಬಾನ್" ಅನ್ನುತ್ತಿದ್ದರು. ಮೊದಲು ಏನೋ ಜಪಾನಿ ಮಾತು ಅಂದುಕೊಂಡೆ. ಹತ್ತಿಪ್ಪತ್ತು ಸಲ ಕೇಳಿದ ಮೇಲೆ ತಟ್ಟನೆ ಹೊಳೆಯಿತು. "ಓಂ ಸಮಯಸ್ತ್ವಂ"! ಚಾಂಗಾನ್ ದಾಟಿ, ಸಮುದ್ರ ದಾಟಿ, 1200 ವರ್ಷ ಬಾಯಿಂದ ಬಾಯಿಗೆ ಬಂದ ಸಂಸ್ಕೃತ. ಕೈ ಸಡಿಲಿಸಿದೆ, ಎಲೆ ಬಿತ್ತು. ಆ ಶಬ್ದ ಕೂಡ ಕೇಳಿಸಲಿಲ್ಲ. ಆ ಒಂದು ಕ್ಷಣಕ್ಕಾಗಿಯೇ ಇಷ್ಟೆಲ್ಲ ಗೆರೆ, ಇಷ್ಟೆಲ್ಲ ಬಣ್ಣ ಅಂತ ಅವತ್ತು ಗೊತ್ತಾಯಿತು.

ಸ್ಪಿತಿ ಸುತ್ತಿದವ:
ಗೋಡೆ ಎತ್ತಿ ನಿಲ್ಲಿಸಬೇಕು ಅಂದಿರಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ಹಿಮಾಚಲದ ಟಾಬೋಗೆ ಹೋಗಿ. 996ರಲ್ಲಿ ಕಟ್ಟಿದ ಮಠ. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಯ ಕಣಜದ ಹಾಗಿದೆ. ಒಳಗೆ ಹೋದರೆ ನೀವು ನಿಜವಾಗಿಯೂ ವಜ್ರಧಾತು ಮಂಡಲದ ಒಳಗಿದ್ದೀರಿ. ಒಳಗಡೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ವೈರೋಚನ. ಸುತ್ತ ಗೋಡೆಗಳ ಮೇಲೆ, ನಮ್ಮ ತಲೆಗಿಂತ ಸ್ವಲ್ಪ ಮೇಲೆ, ಮೂವತ್ತಕ್ಕೂ ಜಾಸ್ತಿ ಮಣ್ಣಿನ ಮೂರ್ತಿಗಳು ಗಾಳಿಯಲ್ಲಿ ತೇಲುವ ಹಾಗೆ ಕೂತಿವೆ. ದೀಪ ಕಡಿಮೆ. ಕಣ್ಣು ಹೊಂದಿಕೊಳ್ಳುತ್ತಿದ್ದ ಹಾಗೆ ಒಬ್ಬೊಬ್ಬರೇ ಕತ್ತಲಿಂದ ಹೊರಗೆ ಬರುತ್ತಾರೆ. ನಾನು ಮೊದಲ ಸಲ ಹೋದಾಗ ಇದು ಮಂಡಲ ಅಂತ ಗೊತ್ತಿರಲಿಲ್ಲ, ಸುಮ್ನೆ ಒಂದು ಸುತ್ತು ಹಾಕಿ ಬಂದಿದ್ದೆ. ಈಗ ಮತ್ತೆ ಹೋಗಬೇಕು.

ಬೆಟ್ಟದಹೂ:
ಒಳ್ಳೆಯ ಉದಾಹರಣೆ. ತೋಜಿಯಲ್ಲಿ ಕೂಕಾಯ್ ಕೂಡ ಇದೇ ಯೋಚನೆ ಮಾಡಿದ್ದ. ಅಲ್ಲಿನ ಉಪನ್ಯಾಸ ಮಂದಿರದಲ್ಲಿ 21 ಮೂರ್ತಿಗಳನ್ನು ಮಂಡಲದ ಹಾಗೆ ನಿಲ್ಲಿಸಿದ್ದಾರೆ. ಅದರ ಪ್ರತಿಷ್ಠೆ ಆದದ್ದು 839ರಲ್ಲಿ. ಆಗ ಕೂಕಾಯ್ ಇರಲಿಲ್ಲ, 835ರಲ್ಲೇ ಹೋಗಿಬಿಟ್ಟಿದ್ದ. ಜಾವಾದ ಬೊರೊಬುದುರ್ ಕೂಡ ಕಲ್ಲಿನ ಮಂಡಲ ಅಂತ ತುಂಬ ಜನ ಹೇಳುತ್ತಾರೆ. ನಾಲ್ಕು ದಿಕ್ಕಿಗೆ ಬೇರೆ ಬೇರೆ ಮುದ್ರೆಯ ಬುದ್ಧರು, ಒಟ್ಟು 504 ಮೂರ್ತಿಗಳು.

ಹಳೇಶಾಸನ:
ನಮ್ಮ ನಾಡಿನ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ಎರಡು ಸಾಲು. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಅನ್ನುವ ಬೋಧಿಸತ್ವ ಇದ್ದಾನೆ. ಪೀಠದ ಶಾಸನದ ಪ್ರಕಾರ ಆಳುಪ ರಾಜ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಕಿರೀಟದಲ್ಲಿ ಪುಟ್ಟ ಧ್ಯಾನಿ ಬುದ್ಧ. ಗದಗ ಹತ್ತಿರದ ಡಂಬಳದಲ್ಲಿ 1095ರ ಶಾಸನ ಇದೆ, ಬೌದ್ಧರ ತಾರಾ ದೇವಿಯ ವಿಹಾರದ್ದು. ಕಟ್ಟಿಸಿದವರು ಲೊಕ್ಕಿಗುಂಡಿಯ ಸೆಟ್ಟಿ. ಇವು ಮಂಡಲ ಅಲ್ಲ, ಆದರೆ ಅದೇ ಲೋಕದವರು.

ಬೆಟ್ಟದಹೂ:
ತುಂಬ ಉಪಕಾರ. ಆ ಪುಟ್ಟ ಬುದ್ಧ ಇದ್ದಾನಲ್ಲ, ಅವನೇ ಮಂಡಲದ ಕೀಲಿ. ತಂತ್ರದ ಬೌದ್ಧರಲ್ಲಿ ಐದು ಕುಲ. ಪ್ರತಿ ಕುಲಕ್ಕೆ ಒಬ್ಬ ಬುದ್ಧ. ಕಿರೀಟದಲ್ಲಿ ಕೂತವನನ್ನು ನೋಡಿದರೆ ಈ ದೇವತೆ ಯಾವ ಮನೆಯವನು ಅಂತ ಗೊತ್ತಾಗುತ್ತದೆ. ಲೋಕೇಶ್ವರ ಅಮಿತಾಭನ ಕುಲ, ಕಮಲದ ಕುಲ. ಮಂಡಲದಲ್ಲಿ ಅವನ ಜಾಗ ಪಶ್ಚಿಮ.

ಲಕ್ಷ್ಮಣತೀರ್ಥ ಅವರೇ, ನಿಮ್ಮ ಫೋಟೋದಲ್ಲಿ ನಡುವಿನ ಚೌಕದೊಳಗೆ ನೆಲದ ಬಣ್ಣ ಯಾವ ಬದಿಗೆ ಯಾವುದು ಇದೆ, ಹೇಳುತ್ತೀರಾ?

ಲಕ್ಷ್ಮಣತೀರ್ಥ:
ಈಗ ನೋಡಿದೆ. ಅಮ್ಮ ನಿಂತ ಬದಿಯಿಂದ ತೆಗೆದ ಫೋಟೋ. ಕೆಳಗೆ ಬಿಳಿ. ಎಡಕ್ಕೆ ಹಳದಿ. ಮೇಲೆ ಕೆಂಪು. ಬಲಕ್ಕೆ ಹಸಿರು. ಸರಿಯಾಗಿ ನಡುವೆ ನೀಲಿ.

ಬೆಟ್ಟದಹೂ:
ಹಾಗಾದರೆ ಅಮ್ಮ ಪೂರ್ವದ ಬಾಗಿಲಲ್ಲೇ ನಿಂತಿದ್ದರು. ಟಿಬೆಟನ್ ಮಂಡಲದಲ್ಲಿ ಪೂರ್ವ ಸಾಮಾನ್ಯವಾಗಿ ಕೆಳಗಡೆ, ನೋಡುವವನ ಕಾಲ ಹತ್ತಿರ. ಅಲ್ಲಿಂದಲೇ ಒಳಗೆ ಹೋಗುವುದು.

ಸಾಮಾನ್ಯ ಲೆಕ್ಕ ಹೀಗೆ. ವೈರೋಚನ ಬಿಳಿ, ಅಕ್ಷೋಭ್ಯ ನೀಲಿ, ರತ್ನಸಂಭವ ಹಳದಿ, ಅಮಿತಾಭ ಕೆಂಪು, ಅಮೋಘಸಿದ್ಧಿ ಹಸಿರು. ದಕ್ಷಿಣಕ್ಕೆ ಹಳದಿ, ಪಶ್ಚಿಮಕ್ಕೆ ಕೆಂಪು, ಉತ್ತರಕ್ಕೆ ಹಸಿರು. ಹಳೆಯ ಮಂಡಲಗಳಲ್ಲಿ ವೈರೋಚನ ನಡುವೆ, ಅಕ್ಷೋಭ್ಯ ಪೂರ್ವದಲ್ಲಿ. ಮುಂದೆ ಬಂದ ತಂತ್ರಗ್ರಂಥಗಳಲ್ಲಿ ಇಬ್ಬರೂ ಜಾಗ ಬದಲಾಯಿಸಿಕೊಂಡರು. ನಿಮ್ಮ ಫೋಟೋದಲ್ಲಿ ನಡುವೆ ನೀಲಿ, ಪೂರ್ವಕ್ಕೆ ಬಿಳಿ. ಅಂದರೆ ಆ ಮನೆಯ ಯಜಮಾನ ಅಕ್ಷೋಭ್ಯನ ಕುಲದವನು. ಕಾಲಚಕ್ರ ಅನ್ನುವ ಇನ್ನೊಂದು ಹೆಸರಾದ ಮಂಡಲ ಅಂತೂ ಅಲ್ಲ. ಅದರ ಬಣ್ಣಗಳೇ ಬೇರೆ, ಪೂರ್ವಕ್ಕೆ ಕಪ್ಪು, ಅದರಲ್ಲಿ 722 ದೇವತೆಗಳು.

ನಿಮ್ಮ ಕಡೆ ಗುರುಪುರದಲ್ಲಿ ಗ್ಯುಮೆ ತಾಂತ್ರಿಕ ಮಠ ಇದೆ. 1433ರಲ್ಲಿ ಟಿಬೆಟ್‌ನಲ್ಲಿ ಶುರುವಾಗಿ, 1959ರ ನಂತರ ಭಾರತಕ್ಕೆ ಬಂದು, ಕೊನೆಗೆ ಹುಣಸೂರು ತಾಲ್ಲೂಕಿನಲ್ಲಿ ನೆಲೆ ನಿಂತದ್ದು. ಆ ಪರಂಪರೆಯವರಿಗೆ ಗುಹ್ಯಸಮಾಜ ಅನ್ನುವ ತಂತ್ರಗ್ರಂಥ ತುಂಬ ಮುಖ್ಯ. ಅದರ ಮಂಡಲದಲ್ಲಿ ನಡುವೆ ಅಕ್ಷೋಭ್ಯ, ಒಟ್ಟು 32 ದೇವತೆಗಳು. ಮರಳಲ್ಲಿ ಮೂರ್ತಿ ಬರೆಯದೆ ಒಬ್ಬೊಬ್ಬರಿಗೆ ಒಂದು ಚಿಹ್ನೆ ಇಡುತ್ತಾರೆ, ಚಕ್ರ, ರತ್ನ, ಕಮಲ, ಖಡ್ಗ ಹೀಗೆ. ಫೋಟೋ ದೊಡ್ಡದು ಮಾಡಿ ಎಣಿಸಿ ನೋಡಿ. 32 ಬಂದರೆ ಬಹುಶಃ ಅದೇ.

ಇನ್ನೊಂದು ವಿಷಯ ಅಮ್ಮನಿಗೆ ಹೇಳಿ. ಐದು ಬುದ್ಧರಿಗೆ ನಮ್ಮ ಐದು ಕೆಟ್ಟ ಗುಣಗಳನ್ನು ಜೋಡಿಸಿದ್ದಾರೆ. ಅಕ್ಷೋಭ್ಯನ ಪಾಲಿಗೆ ಬಂದದ್ದು ಸಿಟ್ಟು. ಸಿಟ್ಟನ್ನು ಕಿತ್ತು ಎಸೆಯಬೇಕು ಅಂತ ಅವರು ಹೇಳುವುದಿಲ್ಲ. ತಿಳಿಯಾದರೆ ಅದೇ ಕನ್ನಡಿಯಂಥ ಅರಿವು ಆಗುತ್ತದೆ ಅನ್ನುತ್ತಾರೆ. ಎದುರಿಗೆ ಏನಿದೆಯೋ ಅದನ್ನು ಇದ್ದ ಹಾಗೇ ತೋರಿಸುವ ಅರಿವು. ರತ್ನಸಂಭವನಿಗೆ ಅಹಂಕಾರ, ಅಮಿತಾಭನಿಗೆ ಆಸೆ, ಅಮೋಘಸಿದ್ಧಿಗೆ ಹೊಟ್ಟೆಕಿಚ್ಚು, ವೈರೋಚನನಿಗೆ ಅಜ್ಞಾನ. ನಮ್ಮೊಳಗಿನ ಯಾವ ಗುಣವನ್ನೂ ಆ ಮನೆಯಿಂದ ಹೊರಗೆ ಹಾಕಿಲ್ಲ. ಎಲ್ಲಕ್ಕೂ ಒಂದೊಂದು ದಿಕ್ಕು, ಒಂದೊಂದು ಬಣ್ಣ ಕೊಟ್ಟು ಒಳಗೆ ಕೂರಿಸಿದ್ದಾರೆ.

ಬಣ್ಣದಡಬ್ಬಿ:
ಈ ಭಾನುವಾರ ಮಕ್ಕಳಿಗೆ ನಾಲ್ಕು ಬಾಗಿಲು ಬರೆಯುವುದನ್ನು ಹೇಳಿಕೊಡುತ್ತೇನೆ.

ಲಕ್ಷ್ಮಣತೀರ್ಥ:
ಎಣಿಸಿದೆವು. ನಾನು 31 ಅಂದೆ, ಅಮ್ಮ 32 ಅಂದಳು. ಸರಿಯಾಗಿ ನಡುವೆ, ನೀಲಿಯ ಮೇಲೆ ಇದ್ದದ್ದನ್ನು ನಾನು ಎಣಿಸಿರಲಿಲ್ಲ.

ಪೊಟ್ಟಣ ಇಷ್ಟು ದಿನ ದೇವರ ಮುಂದೆ ಇತ್ತು. ಇವತ್ತು ಬೆಳಿಗ್ಗೆ ಇಬ್ಬರೂ ಹೋಗಿ ಲಕ್ಷ್ಮಣತೀರ್ಥ ಹೊಳೆಗೆ ಬಿಟ್ಟು ಬಂದೆವು. ನೀರು ಕಮ್ಮಿ ಇದೆ ಈಗ, ಕಲ್ಲಿನ ಸಂದಿಯಲ್ಲಿ ಸ್ವಲ್ಪ ಹೊತ್ತು ನಿಂತು ಆಮೇಲೆ ಹೋಯಿತು. ಮನೆಗೆ ಬಂದ ಮೇಲೆ ಗೊತ್ತಾಯಿತು, ಅಮ್ಮ ಒಂದು ಚಿಟಿಕೆ ಮೊದಲೇ ತೆಗೆದು ರಂಗೋಲಿ ಡಬ್ಬಿಗೆ ಹಾಕಿಕೊಂಡಿದ್ದಾಳೆ.